ಮೂರು ಪಟ್ಟು ಎತ್ತರಿಸದ ಬೆಟ್ಟಗಳು

ಆ ಬೆಟ್ಟಗಳನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಅವುಗಳ ಬೆನ್ನು, ಕಣಿವೆ, ಇಳಿಜಾರು ಎಲ್ಲದರ ಮೇಲೂ ನನ್ನ ಯಂತ್ರದ ಕಟ್ಟರ್ ಓಡಾಡಿದೆ. ಅವು ಹೇಗಿಲ್ಲವೋ ಹಾಗೆ ಮಾಡಿಕೊಡು ಎಂದವರಿಗೆ ನಾನು ಒಲ್ಲೆ ಎಂದೆ. ಹಾಗೆ ಅನ್ನುವವರೆಗೆ ಏನೇನಾಯಿತು, ಅಂದ ಮೇಲೆ ಏನು ಬಂತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನು ಕೊಯಮತ್ತೂರಿನಲ್ಲಿ ಪ್ಯಾಟರ್ನ್ ಮಾಡುವವಳು. ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ಒತ್ತಬೇಕು. ಆ ಅಚ್ಚು ಒತ್ತಲು ಮರದಲ್ಲಿ ಮಾಡಿದ ಮೂಲರೂಪ ಬೇಕು. ಅದೇ ಪ್ಯಾಟರ್ನ್. ಪಂಪಿನ ಹೊಟ್ಟೆ, ಮೋಟಾರಿನ ಕವಚ, ಗ್ರೈಂಡರಿನ ಕಾಲು, ಇವೇ ನನ್ನ ದಿನದ ಕೆಲಸ. ಗಣಪತಿ ಬಡಾವಣೆಯ ಹಿಂದಿನ ಬೀದಿಯಲ್ಲಿ ತಗಡಿನ ಶೆಡ್ಡು, ಅದರೊಳಗೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಒಂದು ರೂಟರ್ ಯಂತ್ರ.

ಬೆಟ್ಟದ ಕೆಲಸ ತಂದವರು ತಿರುಪ್ಪೂರಿನ ಒಬ್ಬ ರಫ್ತುದಾರರು. ಕುನ್ನತ್ತೂರಿನ ಕಡೆಯ ಬೇಸಾಯದ ಮನೆತನ. ನಮ್ಮ ನೇಕಾರ ಮನೆಗಳಂತೆ ಅವರ ಮನೆಯಲ್ಲೂ ಕನ್ನಡವೇ. ಬನಿಯನ್, ಟೀ ಶರ್ಟು ಕಳಿಸುವುದರ ಜೊತೆಗೆ ಯುರೋಪಿನ ಹೋಟೆಲುಗಳಿಗೆ ಲೋಹದ ಫಲಕ, ಕೋಟು ತೂಗುಹಾಕುವ ಕೊಕ್ಕೆ ಮುಂತಾದವನ್ನೂ ಮಾಡಿಸಿ ಕಳಿಸುತ್ತಿದ್ದರು. ಅವುಗಳ ಪ್ಯಾಟರ್ನ್ ನನ್ನದು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಣಿ ಎನ್ನುತ್ತಿದ್ದರು. ಇಬ್ಬರೇ ಇದ್ದರೆ ಕನ್ನಡ, ಮೂರನೆಯವರು ಬಂದರೆ ತಮಿಳು.

ಆಸ್ಟ್ರಿಯಾದ ಬೆಟ್ಟದೂರೊಂದರಲ್ಲಿ ಕಾಲ್ನಡಿಗೆಯ ಸಂಘವಿತ್ತು. ಕಣ್ಣು ಕಾಣದವರೂ ಬಂದು ನಡೆಯಲಿ ಎಂದು ಆ ಸಂಘದವರು ಕಣಿವೆಯಿಂದ ಮೇಲೆ ಹೋಗುವ ದಾರಿ ಶುರುವಾಗುವ ಕಡೆ, ಕೈಯಿಂದ ಸವರಿ ತಿಳಿಯುವಂಥ ಲೋಹದ ಬೆಟ್ಟದ ನಕ್ಷೆ ಇಡಬೇಕೆಂದಿದ್ದರು. ಅಲ್ಲಿನ ಒಬ್ಬ ಏಜೆಂಟ್ ಆ ಕೆಲಸ ಹಿಡಿದು ಅಣ್ಣನಿಗೆ ಕೊಟ್ಟಿದ್ದ. ಒಂದೂವರೆ ಅಡಿಯ ಅಲ್ಯೂಮಿನಿಯಂ ಪ್ಲೇಟು, ಅದರ ಮೇಲೆ ಇಡೀ ಬೆಟ್ಟಸಾಲು. ನೆಲದ ಎತ್ತರಗಳ ಫೈಲು ಕಂಪ್ಯೂಟರಿಗೆ ಬಂತು.

ಆ ಸಾಲಿನ ಹೆಸರು ನೋಕ್‌ಬೆರ್ಗೆ. ನೋಕ್ ಎಂದರೆ ಅಲ್ಲಿನವರ ಬಾಯಲ್ಲಿ ದುಂಡನೆಯ ಗುಡ್ಡವಂತೆ. ಆಲ್ಪ್ಸ್ ಎಂದರೆ ನಮಗೆ ನೆನಪಾಗುವುದು ಕ್ಯಾಲೆಂಡರಿನಲ್ಲಿರುವ ಚೂಪು ಚೂಪಾದ ಹಿಮದ ಶಿಖರ. ಇವು ಹಾಗಲ್ಲ. ಇವುಗಳಲ್ಲಿ ಅತಿ ಎತ್ತರದ್ದೂ ನಮ್ಮ ಊಟಿಯ ದೊಡ್ಡಬೆಟ್ಟಕ್ಕಿಂತ ಗಿಡ್ಡ. ಬಹಳ ಹಳೆಯ ಕಲ್ಲು, ಪದರ ಪದರವಾಗಿ ಸವೆಯುವ ಜಾತಿಯದು. ಹಿಮಯುಗದ ಮಂಜುಗಡ್ಡೆ ಸರಿದು ಹೋದರೂ ಬೆನ್ನುಗಳು ದುಂಡಗೇ ಉಳಿದಿವೆ. ಕೆಳಗೆ ಕಾಡು, ಅದರ ಮೇಲೆ ನೆತ್ತಿಯವರೆಗೂ ಹುಲ್ಲು. ನೆರಳು ಬೀಳುವ ಮಗ್ಗುಲಲ್ಲಿ ಅಲ್ಲಲ್ಲಿ ಬೋಗುಣಿಯಂತೆ ಕೊರೆದ ತಗ್ಗು, ಕೆಲವುದರ ತಳದಲ್ಲಿ ಪುಟ್ಟ ಕೆರೆ. ನಡುವೆ ಒಂದು ಕಡೆ ಮಾತ್ರ ಸುಣ್ಣದ ಜಾತಿಯ ಬಿಳಿಕಲ್ಲಿನ ಪಟ್ಟಿ ಕಡಿದಾಗಿ ಎದ್ದಿದೆ. ಉಳಿದದ್ದೆಲ್ಲ ಹಸು ಮೇಯುತ್ತಾ ಒಂದು ಗುಡ್ಡದಿಂದ ಇನ್ನೊಂದಕ್ಕೆ ದಾಟಿಹೋಗಬಹುದಾದ ಇಳಿಜಾರು. ಫೈಲನ್ನು ತೆರೆದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ ವಾಲ್ಪಾರೈ ಆಚೆಯ ಹುಲ್ಲಿನ ಬೆಟ್ಟಗಳು ನೆನಪಾದವು. ಇಷ್ಟು ಸಾಧುವಾದ ನೆಲವನ್ನು ನಾನು ಮೊದಲ ಸಲ ಕೊರೆಯಲಿದ್ದೆ.

ಫೈಲಿನಲ್ಲಿದ್ದಂತೆಯೇ, ಅಗಲ ಎಷ್ಟು ಕುಗ್ಗಿತೋ ಎತ್ತರವೂ ಅಷ್ಟೇ ಕುಗ್ಗುವ ಹಾಗೆ, ಮೊದಲ ಪ್ಯಾಟರ್ನ್ ಕೊರೆದೆ. ಅಣ್ಣ ಬಂದು ಅದರ ಫೋಟೋ ತೆಗೆದು ಏಜೆಂಟನಿಗೆ ಕಳಿಸಿದರು. ಉತ್ತರ ತಡವಾಗಲಿಲ್ಲ. ಚಪ್ಪಟೆಯಾಗಿದೆ, ಆಲ್ಪ್ಸ್ ಎನಿಸುವುದಿಲ್ಲ, ಎತ್ತರವನ್ನು ಮೂರು ಪಟ್ಟು ಮಾಡಿ ಎಂದು ಆತ ಬರೆದಿದ್ದ. ಅಣ್ಣನಿಗೂ ಅದೇ ಅಭಿಪ್ರಾಯ.

“ಮಲೆ ಅಂದ್ರೆ ನಿಮ್ಮೂರ ಮರುದಮಲೆ ಮಾದ್ರಿ ಎದ್ದು ನಿಲ್ಬೇಕು ಅಮ್ಮಣಿ,” ಎಂದರು. “ಇದು ಒಣಗಾಕಿದ ಲುಂಗಿ ಗಾಳಿಗೆ ಉಬ್ಬಿದಂಗೆ ಐತೆ.”

ಮೂರು ಪಟ್ಟು ಮಾಡುವುದು ಕಷ್ಟದ ಕೆಲಸವಲ್ಲ. ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಿದರೆ ಆಯಿತು. ಬೆಟ್ಟದ ನಕ್ಷೆ ಮಾಡುವವರು ಎತ್ತರವನ್ನು ಒಂದಿಷ್ಟು ಹೆಚ್ಚಿಸುವುದು ವಾಡಿಕೆಯೇ ಎಂದು ನಾನೂ ಓದಿದ್ದೆ. ಬದಲಿಸಿದೆ, ಕೊರೆದೆ. ಎರಕ ಹೊಯ್ದದ್ದು ಊರಾಚೆಯ ಫೌಂಡ್ರಿಯಲ್ಲಿ. ಅದರ ಯಜಮಾನರು ನನಗೆ ದೂರದ ಸಂಬಂಧದಲ್ಲಿ ಮಾವ. ಅವರ ಕೈಯ ಮರಳಿನ ಅಚ್ಚು ಎಂದರೆ ಅಂಚು ಉದುರುವುದಿಲ್ಲ. ಪ್ಲೇಟು ಮೊದಲ ಎರಕದಲ್ಲೇ ಕಲೆಯಿಲ್ಲದೆ ಬಂತು. ಶಿಖರಗಳು ಹಲ್ಲಿನಂತೆ ಎದ್ದಿದ್ದವು, ಕಣಿವೆಗಳಲ್ಲಿ ಕತ್ತಲೆ ತುಂಬಿತ್ತು. ಫೋಟೋ ನೋಡಿದ ಏಜೆಂಟ್ ಈಗ ಸರಿಯಾಯಿತು, ಪ್ಯಾಕ್ ಮಾಡಿ ಎಂದ. ಎಲ್ಲರಿಗೂ ಸಂತೋಷ. ನನಗೆ ಮಾತ್ರ ಆ ಪ್ಲೇಟನ್ನು ನೋಡಿದಾಗಲೆಲ್ಲ ಬೇರೆ ಯಾವುದೋ ದೇಶದ ಬೆಟ್ಟ ನೋಡಿದಂತಾಗುತ್ತಿತ್ತು. ಆದರೆ ಅದೇಕೆ ತಪ್ಪು ಎಂದು ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಆ ಮಾತನ್ನು ಒದಗಿಸಿದವರು ನನ್ನ ಖಾತೆ ಇರುವ ಬ್ಯಾಂಕಿನ ಅಧಿಕಾರಿ. ತುಮಕೂರಿನವರು, ಇಲ್ಲಿಗೆ ವರ್ಗವಾಗಿ ಬಂದವರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಓದಿ ಹೇಳುವುದನ್ನು ಕಿವಿಯಲ್ಲಿ ಕೇಳುತ್ತಾ, ಎದುರಿಗಿರುವವರ ಮಾತನ್ನೂ ಬಿಡದೆ ಕೇಳುತ್ತಾ ಚಕಚಕನೆ ಕೆಲಸ ಮುಗಿಸುವವರು. ನಾನು ಕನ್ನಡದವಳು ಎಂದು ತಿಳಿದ ದಿನದಿಂದ ನನ್ನೊಡನೆ ಹರಟುತ್ತಿದ್ದರು. ಅವರದು ತುಮಕೂರಿನ ಕನ್ನಡ, ನನ್ನದು ಅರ್ಧ ತಮಿಳು. ಕೊಳ್ಳೇಗಾಲದಿಂದ ಬಂದ ಅಮ್ಮ ಅಕ್ಷರ ಕಲಿಸಿದ್ದರಿಂದ ಬರೆಯಲು ಬರುತ್ತದೆ ಎಂದರೆ ಅವರು ನಂಬುತ್ತಿರಲಿಲ್ಲ. ರಜೆ ಸಿಕ್ಕರೆ ಗೆಳತಿಯರ ಜೊತೆ ಬೆಟ್ಟ ಹತ್ತುವುದು ಅವರ ಹವ್ಯಾಸ. ನಾನು ಇಂಥದೊಂದು ಪ್ಲೇಟು ಮಾಡಿದ್ದೇನೆ ಎಂದ ಕೂಡಲೇ, ಅದನ್ನು ಮುಟ್ಟದೆ ಬಿಡುವುದಿಲ್ಲ ಎಂದರು.

ಶನಿವಾರ ಮಧ್ಯಾಹ್ನ ಶೆಡ್ಡಿಗೆ ಬಂದರು. ನಾನು ಮರದ ಮೊದಲ ಪ್ಯಾಟರ್ನನ್ನೂ ಲೋಹದ ಪ್ಲೇಟನ್ನೂ ಅಕ್ಕಪಕ್ಕ ಇಟ್ಟೆ. ಯಾವುದು ಯಾವುದೆಂದು ಹೇಳಲಿಲ್ಲ. ಅವರು ಮೊದಲು ಮರದ ಮೇಲೆ ಎರಡೂ ಕೈಯಿಟ್ಟರು. ಬಹಳ ಹೊತ್ತು ಸವರಿದರು. ಉಬ್ಬು ತಗ್ಗು ಗೊತ್ತಾಗುತ್ತದೆ, ಆದರೆ ಒಂದು ಬೆಟ್ಟ ಒಂದು ಬೆರಳ ಕೆಳಗೇ ಮುಗಿದುಹೋಗುತ್ತದೆ, ಬೆನ್ನು ಯಾವ ಕಡೆ ಹೋಯಿತು, ಕಣಿವೆ ಯಾವ ಕಡೆ ತಿರುಗಿತು ಎಂಬುದು ಕೈಗೆ ಸಿಗುವುದಿಲ್ಲ ಎಂದರು. ನನ್ನ ಮುಖ ಸಪ್ಪಗಾಯಿತು. ನಿಜವಾದ ಅಳತೆಯೇ ಸರಿ ಎಂದು ಅವರು ಹೇಳುತ್ತಾರೆಂದು ನಾನು ಕಾದಿದ್ದೆ.

ಆಮೇಲೆ ಲೋಹದ ಪ್ಲೇಟು. ಬೆರಳುಗಳು ಮೇಲೆ ಹತ್ತಿ ಕೆಳಗೆ ಇಳಿದವು, ಒಂದು ಶಿಖರದ ತುದಿಯಲ್ಲಿ ನಿಂತವು.

“ಇಲ್ಲಿ ಎಲ್ಲಾ ಸ್ಪಷ್ಟವಾಗಿ ಸಿಗುತ್ತೆ,” ಎಂದರು. “ಆದರೆ ಇಲ್ಲಿಗೆ ನಾನು ನಡೆಯೋಕೆ ಹೋಗಲ್ಲ. ಎರಡೂ ಕಡೆ ಪ್ರಪಾತ. ನನ್ನಂಥವಳಿಗೆ ಈ ಬೆಟ್ಟ ಅಲ್ಲ ಅಂತ ಕೈ ತೆಗೆದುಬಿಡ್ತೀನಿ.”

ಅದು ಪ್ರಪಾತವಲ್ಲ, ಹಸು ಮೇಯುವ ಇಳಿಜಾರು ಎಂದೆ. ಹಾಗಾದರೆ ಈ ಪ್ಲೇಟು ಸುಳ್ಳು ಹೇಳುತ್ತಿದೆ ಎಂದು ಅವರು ಎದ್ದು ಕೈ ತೊಳೆಯಲು ಹೋದರು.

ಯಾರು ಬರಲಿ ಎಂದು ಆ ಸಂಘ ಈ ನಕ್ಷೆ ಮಾಡಿಸುತ್ತಿತ್ತೋ ಅವರನ್ನೇ ಅದು ದಾರಿಯ ಮೊದಲಲ್ಲೇ ನಿಲ್ಲಿಸಿ ವಾಪಸು ಕಳಿಸಲಿತ್ತು. ಕಣ್ಣಿದ್ದವರು ಪ್ಲೇಟು ನೋಡಿ, ಆಮೇಲೆ ತಲೆಯೆತ್ತಿ ನಿಜವಾದ ಬೆಟ್ಟ ನೋಡಿ ನಕ್ಕು ಮುಂದೆ ಹೋಗುತ್ತಾರೆ. ಕಾಣದವರು ಏನು ಮಾಡಬೇಕು? ಅವರಿಗೆ ಬೆಟ್ಟವೆಂದರೆ ಆ ಪ್ಲೇಟೇ. ಆ ಸಂಜೆಯೇ ನಾನು ತೀರ್ಮಾನಿಸಿದೆ: ಇದನ್ನು ಕಳಿಸುವುದಿಲ್ಲ. ಮೊದಲನೆಯದೂ ಸಾಲದು. ಎತ್ತರವನ್ನು ಹಿಗ್ಗಿಸದೆ ಬೆರಳಿಗೆ ಸಿಗಬೇಕೆಂದರೆ ಒಂದೇ ದಾರಿ, ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡುವುದು. ಇಡೀ ಸಾಲನ್ನು ತೋರಿಸುವ ಆಸೆ ಬಿಟ್ಟು, ಜನ ನಡೆಯುವ ನಡುಭಾಗವನ್ನು ಮಾತ್ರ ತೆಗೆದುಕೊಂಡು, ನಾಲ್ಕು ಪ್ಲೇಟುಗಳಲ್ಲಿ ಒಂದು ದೊಡ್ಡ ಮೇಜಿನಷ್ಟು ಅಗಲಕ್ಕೆ ಮಾಡುವುದು. ಆಗ ಒಂದು ಗುಡ್ಡಕ್ಕೆ ಇಡೀ ಅಂಗೈ ಬೇಕಾಗುತ್ತದೆ, ಇಳಿಜಾರು ಇಳಿಜಾರಾಗಿಯೇ ಇರುತ್ತದೆ.

ಅಣ್ಣನಿಗೆ ಫೋನಿನಲ್ಲಿ ಹೇಳುವ ಮಾತಲ್ಲವೆಂದು ತಿರುಪ್ಪೂರಿಗೆ ಬಸ್ಸು ಹತ್ತಿದೆ. ಅವರ ಯೂನಿಟ್ಟಿನಲ್ಲಿ ಬನಿಯನ್ ಬಟ್ಟೆಯ ಉರುಳೆಗಳ ನಡುವೆ ಒಂದು ಮೇಜು, ಅಲ್ಲಿಯೇ ಆಫೀಸು. ನಾನು ಹೇಳಿದ್ದನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ, ಕೊಳ್ಳುವವರೇ ಸರಿ ಎಂದ ಮೇಲೆ ನಮಗೇನು ಎಂದು ಕೇಳಿದರು.

“ಅಣ್ಣ, ಅವರು ಫೋಟೋ ನೋಡಿ ಓಕೆ ಅಂದ್ರು. ಇದು ನೋಡೋರಿಗೆ ಅಲ್ಲ, ಮುಟ್ಟೋರಿಗೆ. ಮುಟ್ಟೋರು ಯಾರೂ ಇನ್ನೂ ಓಕೆ ಅಂದಿಲ್ಲೆ,” ಎಂದೆ.

ಅವರು ಹಾಗಾದರೆ ಏಜೆಂಟನಿಗೆ ಬರೆಯುತ್ತೇನೆ ಎಂದು ಬರೆದರು. ನಾನು ಅಲ್ಲೇ ಕೂತು ಚಹಾ ಕುಡಿಯುವುದರೊಳಗೆ ಉತ್ತರ ಬಂತು: ಬೇಡ, ಒಪ್ಪಿದ್ದನ್ನು ಕಳಿಸಿ. ನಾನು ಸಂಘದವರೊಡನೆ ನೇರವಾಗಿ ಮಾತಾಡುತ್ತೇನೆ ಎಂದೆ. ಅವರ ಹೆಸರು, ಫೋನು ನೆಲದ ಫೈಲಿನಲ್ಲೇ ಇತ್ತು. ಅಣ್ಣನ ಮುಖ ಆಗ ಗಟ್ಟಿಯಾಯಿತು. ಈ ವ್ಯಾಪಾರದಲ್ಲಿ ನಡುವಿನವನನ್ನು ದಾಟಿ ಆಚೆಯವನ ಬಾಗಿಲು ತಟ್ಟುವುದೆಂದರೆ ದ್ರೋಹ. ಅದು ನನಗೂ ಗೊತ್ತು.

“ನಾನು ಮಾತು ಕೊಟ್ಟಿದೀನಿ ಅಮ್ಮಣಿ. ನೀನು ಅವನ ತಲೆ ದಾಟಿ ಹೋದ್ರೆ ನಾಳೆ ನನ್ನ ಯಾರೂ ನಂಬೋದಿಲ್ಲೆ. ಆಮೇಲೆ ನಮಗೂ ನಿನಗೂ ಕೆಲಸ ಇಲ್ಲೆ, ತಿಳ್ಕೋ.”

ತಿಳಿದೇ ಬಂದಿದ್ದೇನೆ ಎಂದೆ. ಅವರಿಗೆ ಗೊತ್ತಿಲ್ಲದಂತೆ ಮಾಡುವುದಿಲ್ಲ, ಮಾಡುವುದನ್ನು ಎದುರಿಗೇ ಹೇಳಿ ಹೋಗುತ್ತಿದ್ದೇನೆ ಎಂದೂ ಹೇಳಿದೆ. ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಅವರ ಕೊಕ್ಕೆ, ಫಲಕಗಳ ಕೆಲಸ ಬಿಟ್ಟರೆ ನನ್ನ ಶೆಡ್ಡಿನಲ್ಲಿ ಉಳಿಯುವುದು ಪಂಪುಗಳು ಮಾತ್ರ. ಹೆದರಿಕೆ ಇತ್ತು. ಆದರೆ ತೀರ್ಮಾನ ಅಲ್ಲಾಡಲಿಲ್ಲ.

ಫೋನೆತ್ತಿದವರು ಸಂಘದ ಮುಖ್ಯಸ್ಥೆ. ಆ ಊರಿನ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಟೀಚರ್. ನಿಧಾನವಾದ ಇಂಗ್ಲಿಷಿನಲ್ಲಿ ಮಾತಾಡಿದರು. ನನ್ನ ಇಂಗ್ಲಿಷಿಗೂ ಆ ನಿಧಾನವೇ ಅನುಕೂಲವಾಯಿತು. ಮಾತಿನ ನಡುವೆ ಅವರಿಗೂ ಕೆಲವು ವರ್ಷಗಳಿಂದ ದೃಷ್ಟಿ ಹೋಗಿದೆ ಎಂದು ತಿಳಿಯಿತು. ಹೋದ ಮೇಲೂ ಬೆಟ್ಟಕ್ಕೆ ಹೋಗುವುದನ್ನು ಅವರು ಬಿಟ್ಟಿರಲಿಲ್ಲ. ಈ ಬೆಟ್ಟಗಳು ಕಾಲಿಗೆ ಮೋಸ ಮಾಡುವುದಿಲ್ಲ ಎಂದರು. ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ ಮುಖಕ್ಕೆ ಬಡಿಯುವ ಗಾಳಿಯೇ ಬದಲಾಗುತ್ತದೆ, ಎಲ್ಲಿದ್ದೇನೆಂದು ಅದರಿಂದಲೇ ತಿಳಿಯುತ್ತದೆ ಎಂದರು. ಆಮೇಲೆ, ಎತ್ತರವನ್ನು ಹಿಗ್ಗಿಸಿದ್ದೀರಾ ಎಂದು ಅವರಾಗಿಯೇ ಕೇಳಿದರು. ಏಜೆಂಟ್ ಅವರಿಗೆ ಏನೂ ಹೇಳಿರಲಿಲ್ಲ.

“ಎಷ್ಟು ಪಟ್ಟು?”

“ಮೂರು.”

ಅಂಥ ಬೆಟ್ಟ ತಮ್ಮ ಊರಿನಲ್ಲಿಲ್ಲ, ಆಚೆಯ ಕಣಿವೆಗಳಲ್ಲಿದೆ, ಅಲ್ಲಿಗೆ ಹಗ್ಗ ಕಟ್ಟಿಕೊಂಡು ಹೋಗುತ್ತಾರೆ ಎಂದರು. ನನ್ನ ನಾಲ್ಕು ಪ್ಲೇಟಿನ ಯೋಚನೆ ಕೇಳಿ ಹೌದು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಕೈಯಿಟ್ಟು ನೋಡದೆ ಯಾವುದನ್ನೂ ಒಪ್ಪುವುದಿಲ್ಲ, ಮಾಡುವುದಾದರೆ ಮಾಡಿ ಕಳಿಸಿ, ಸರಿಯಿಲ್ಲದಿದ್ದರೆ ಸರಿಯಿಲ್ಲ ಎನ್ನುತ್ತೇನೆ ಎಂದರು. ನನಗೆ ಆ ಮಾತು ಹಿಡಿಸಿತು.

ಮರುದಿನ ಫೌಂಡ್ರಿಗೆ ಹೋಗಿ, ಮೂರು ಪಟ್ಟಿನ ಪ್ಲೇಟನ್ನು ಕುಲುಮೆಗೆ ಹಾಕಿ ಎಂದೆ. ಮಾವ ನಂಬಲಿಲ್ಲ. ಬೇಕಾದರೆ ಮೂಲೆಯಲ್ಲಿಡು, ಮನಸ್ಸು ಬದಲಾದೀತು ಎಂದರು.

“ಇಷ್ಟು ಚೆಂದ ಬಂದಿರೋದನ್ನ ಕರಗಿಸ್ಬೇಕಾ? ನನ್ನ ಕೈ ಬರೋದಿಲ್ಲೆ ತಾಯಿ.”

“ಮೂಲೇಲಿದ್ರೆ ಯಾರಾದ್ರೂ ಒಬ್ಬರು ತಗೊಂಡೋಗಿ ಕಳಿಸ್ಬಿಡ್ತಾರೆ ಮಾವ. ನಾನೇ ಹಾಕ್ತೀನಿ, ಇಕ್ಕಳ ಕೊಡಿ.”

ಕೊನೆಗೆ ಹಾಕಿದವರು ಅವರೇ. ಅಂಚು ಮೆತ್ತಗಾಗಿ, ಶಿಖರಗಳು ಒಂದೊಂದೇ ಕುಸಿದು, ಎಲ್ಲವೂ ಬೆಳ್ಳಿಯ ನೀರಾಗುವುದನ್ನು ಇಬ್ಬರೂ ನಿಂತು ನೋಡಿದೆವು.

ಅಲ್ಲಿಂದ ಮುಂದೆ ನಿಜವಾದ ಕಷ್ಟ ಶುರುವಾಯಿತು. ಸಾಧುವಾದ ಇಳಿಜಾರನ್ನು ಎರಕದಲ್ಲಿ ತೆಗೆಯುವುದು ಕಡಿದಾದ ಶಿಖರ ತೆಗೆದಷ್ಟು ಸುಲಭವಲ್ಲ. ಶಿಖರದಲ್ಲಿ ಒಂದಿಷ್ಟು ಮರಳು ಅಂಟಿದರೂ ಅದು ಶಿಖರವೇ. ಆದರೆ ಹುಲ್ಲಿನ ಬೆನ್ನಿನ ಮೇಲೆ ಒಂದು ಗೀರು ಬಿದ್ದರೆ ಬೆರಳಿಗೆ ಅದು ಇಲ್ಲದ ಹಳ್ಳ. ಮೊದಲ ಪ್ಲೇಟಿನಲ್ಲಿ ಆದದ್ದೇ ಅದು. ಪ್ಲೇಟು ಅಗಲ, ಲೋಹ ತೆಳು. ಎರಡು ಕಡೆಯಿಂದ ಹರಿದು ಬಂದ ಲೋಹ ನಡುವೆ ಒಂದಾಗುವ ಮೊದಲೇ ತಣಿದು, ಕೆರೆಯ ದಂಡೆಯಿಂದ ಬೆಟ್ಟದ ನೆತ್ತಿಯವರೆಗೆ ಕೂದಲಿನಂಥ ಗೆರೆ ಬಿಟ್ಟಿತು. ಕಣ್ಣಿಗೆ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಸವರಿದರೆ ಅಲ್ಲಿ ಕಾಲಿಡಲು ಭಯವಾಗುತ್ತಿತ್ತು. ಉಜ್ಜಿ ಅಳಿಸೋಣ ಎಂದರು ಮಾವ. ಉಜ್ಜಿದರೆ ಇಳಿಜಾರೇ ಬದಲಾಗುತ್ತದೆ ಎಂದು ನಾನು ಒಪ್ಪಲಿಲ್ಲ. ಮತ್ತೆ ಕುಲುಮೆ.

ಎರಡನೆಯ ಸಲ ಲೋಹ ಹರಿಯುವ ದಾರಿಯನ್ನು ಬದಲಿಸಿ, ಉದ್ದನೆಯ ಒಂದೇ ಅಂಚಿನಿಂದ ಹೊಯ್ದರು. ಗೆರೆ ಹೋಯಿತು. ಆದರೆ ತಣಿಯುವಾಗ ಪ್ಲೇಟಿನ ಮೂಲೆ ಹಪ್ಪಳದಂತೆ ಎದ್ದಿತು. ಒಂದು ಮೂಲೆ ಎದ್ದರೆ ಇಡೀ ಸೀಮೆ ಓರೆಯಾಗುತ್ತದೆ. ಕೆಳಗಿರಬೇಕಾದ ಕಣಿವೆ ಮೇಲೆ ಹೋಗುತ್ತದೆ. ಹಿಂಬದಿಗೆ ಪಟ್ಟಿಗಳನ್ನು ಸೇರಿಸಿ ಪ್ಯಾಟರ್ನ್ ತಿದ್ದಿದೆ. ಹೊಯ್ದ ಪ್ಲೇಟನ್ನು ಅವಸರದಿಂದ ಮರಳಿನಿಂದ ತೆಗೆಯದೆ, ತಾನಾಗಿ ಪೂರ್ತಿ ಆರುವವರೆಗೆ ಬಿಡಬೇಕೆಂದು ಕೇಳಿಕೊಂಡೆ. ಫೌಂಡ್ರಿಯಲ್ಲಿ ಮರಳಿನ ಪೆಟ್ಟಿಗೆಗಳು ಕೆಲವೇ. ನನ್ನದು ಆರುತ್ತಾ ಕೂತಿದ್ದರೆ ಪಂಪುಗಳ ಕೆಲಸ ನಿಲ್ಲುತ್ತಿತ್ತು. ಮಾವ ಗೊಣಗಿದರು, ಆದರೂ ಬಿಟ್ಟುಕೊಟ್ಟರು.

ಇನ್ನು ಜೋಡಣೆ. ಒಂದು ಬೆಟ್ಟದ ಬೆನ್ನು ಎರಡು ಪ್ಲೇಟುಗಳನ್ನು ದಾಟಿ ಹೋಗುತ್ತಿತ್ತು. ಬೇರೆ ಬೇರೆಯಾಗಿ ಹೊಯ್ದ ಪ್ಲೇಟುಗಳನ್ನು ಕೂಡಿಸಿದರೆ ಸಂದಿನಲ್ಲಿ ಒಂದು ಮೆಟ್ಟಿಲು ಸಿಗುತ್ತಿತ್ತು. ಅಲ್ಯೂಮಿನಿಯಂ ಆರುವಾಗ ಕುಗ್ಗುತ್ತದೆ, ಆ ಕುಗ್ಗುವಿಕೆಗೆ ತಕ್ಕಷ್ಟು ಪ್ಯಾಟರ್ನನ್ನು ದೊಡ್ಡದಾಗಿ ಕೊರೆಯುವುದು ನಮ್ಮ ಕಸುಬಿನ ಮೊದಲ ಪಾಠ. ಆದರೆ ದಪ್ಪವಿರುವ ಬೆಟ್ಟದ ಕಡೆ ಒಂದು ಥರ, ತೆಳುವಾದ ಕಣಿವೆಯ ಕಡೆ ಇನ್ನೊಂದು ಥರ ಕುಗ್ಗುತ್ತಿತ್ತು. ಹಿಂಬದಿಯನ್ನು ಮುಂಬದಿಯ ಉಬ್ಬುತಗ್ಗಿಗೆ ಸರಿಯಾಗಿ ಟೊಳ್ಳು ಮಾಡಿ, ಎಲ್ಲ ಕಡೆ ಒಂದೇ ದಪ್ಪ ಬರುವಂತೆ ಮಾಡಿದ ಮೇಲೆ ಸಂದಿ ಸರಿಹೋಯಿತು. ಅಂದರೆ ಅದೇ ಬೆಟ್ಟಗಳನ್ನು ಹಿಂದಿನಿಂದಲೂ ಒಮ್ಮೆ ಕೊರೆದಂತಾಯಿತು.

ಟೀಚರ್ ಹೇಳಿದ ಗಾಳಿಯ ಮಾತು ತಲೆಯಲ್ಲಿತ್ತು. ಕಾಡು ಎಲ್ಲಿ ಮುಗಿಯಿತು ಎಂಬುದೂ ಬೆರಳಿಗೆ ತಿಳಿಯಬೇಕು. ಮೊದಲು ಕಾಡಿನ ಜಾಗದಲ್ಲೆಲ್ಲ ಚುಕ್ಕಿ ಚುಕ್ಕಿ ಕೊರೆದೆ. ಮುಟ್ಟಿದರೆ ಚರ್ಮದ ಮೇಲೆ ಗುಳ್ಳೆ ಎದ್ದಂತಿತ್ತು. ಅದನ್ನು ಬಿಟ್ಟೆ. ಮಾವ ಸುಮ್ಮನೆ ಒಂದು ದಾರಿ ಹೇಳಿದರು: ಅಚ್ಚಿನ ಆ ಭಾಗಕ್ಕೆ ಮಾತ್ರ ಒರಟು ಮರಳು ಹಾಕೋಣ, ಉಳಿದ ಕಡೆ ನಯವಾದದ್ದು. ಕಾಡು ಎರಕದ ಒರಟನ್ನೇ ಉಳಿಸಿಕೊಂಡಿತು. ಹುಲ್ಲಿನ ಭಾಗವನ್ನು ನಾನು ಕೂತು ಎಮರಿ ಕಾಗದದಿಂದ ಹಗುರವಾಗಿ, ಅಳತೆ ಕೆಡದಂತೆ ನಯ ಮಾಡಿದೆ. ಬಿಳಿಕಲ್ಲಿನ ಪಟ್ಟಿಗೆ ಉಳಿಯಿಂದ ಸಣ್ಣ ಗೀರು ಎಳೆದೆ.

ನಾಲ್ಕೂ ಪ್ಲೇಟು ಸೇರಿಸಿ ಮೇಜಿನ ಮೇಲಿಟ್ಟ ದಿನ ಬ್ಯಾಂಕಿನ ಅಧಿಕಾರಿ ಮತ್ತೆ ಬಂದರು. ಈ ಸಲ ಅವರ ಕೈಗಳು ಅವಸರಪಡಲಿಲ್ಲ. ಒರಟಿನಿಂದ ನಯಕ್ಕೆ ದಾಟಿದ ಕಡೆ ನಿಂತು, ಇಲ್ಲಿ ಏನೋ ಬದಲಾಯಿತು ಎಂದರು. ಕಾಡು ಮುಗಿಯಿತು ಎಂದೆ. ತಲೆಯಾಡಿಸಿ ಮುಂದೆ ಹೋದರು. ಒಂದು ಬೆನ್ನು ಹಿಡಿದು ಮೂರು ಗುಡ್ಡ ದಾಟಿ, ಒಂದು ಬೋಗುಣಿಯ ಅಂಚಿಗೆ ಬಂದು, ಅದನ್ನು ಸುತ್ತಿಕೊಂಡು ಕೆರೆಗೆ ಇಳಿದರು. ಸಂದಿಯನ್ನು ದಾಟಿದ್ದು ಅವರಿಗೆ ತಿಳಿಯಲೇ ಇಲ್ಲ.

“ಈ ಕೆರೆ ನೀರು ಕುಡಿಯೋಕಾಗುತ್ತಾ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆದರೆ ಅವರು ಆಗಲೇ ಅಲ್ಲಿಗೆ ಹೊರಟಿದ್ದಾರೆ ಎಂಬುದು ಗೊತ್ತಾಯಿತು.

ಅಣ್ಣ ಅಷ್ಟು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಟೀಚರ್ ಏಜೆಂಟನಿಗೆ ಖಡಾಖಂಡಿತವಾಗಿ ಹೇಳಿದ್ದರಂತೆ, ಕೊಯಮತ್ತೂರಿನ ಹೆಂಗಸು ಮಾಡುತ್ತಿರುವುದು ಬಂದು ತಲುಪುವವರೆಗೆ ಬೇರೇನೂ ಬೇಡವೆಂದು. ಏಜೆಂಟ್ ಆ ಸಿಟ್ಟನ್ನೆಲ್ಲ ಅಣ್ಣನ ಮೇಲೆ ತೀರಿಸಿದ್ದ. ಬೇರೆ ದಾರಿಯಿಲ್ಲದೆ ಅಣ್ಣ ಒಂದು ದಿನ ಶೆಡ್ಡಿಗೆ ಬಂದರು. ಚಹಾ ಬೇಡವೆಂದರು. ಪ್ಲೇಟುಗಳನ್ನು ಮುಟ್ಟಲಿಲ್ಲ. ಅಳತೆಪಟ್ಟಿ ತೆಗೆದು ಉದ್ದ ಅಗಲ ಅಳೆದು, ಪೆಟ್ಟಿಗೆ ಎಷ್ಟು ದೊಡ್ಡದು ಬೇಕೆಂದು ಲೆಕ್ಕ ಹಾಕಿದರು. ತಮ್ಮ ಬಟ್ಟೆಯ ಮೂಟೆಗಳ ಜೊತೆಯಲ್ಲೇ ಕಳಿಸುವುದಾಗಿ ಹೇಳಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ನೀನು ಮಾಡಿದ್ದು ತಪ್ಪೇ ಎಂದರು. ಅವರ ಮಟ್ಟಿಗೆ ಅದು ತಪ್ಪೇ ಇರಬಹುದು ಎಂದೆ. ಆದರೆ ಮತ್ತೆ ಅಂಥದೇ ಸಂದರ್ಭ ಬಂದರೆ ಮತ್ತೆ ಹಾಗೇ ಮಾಡುತ್ತೇನೆ ಎಂದೂ ಹೇಳಿದೆ. ಅವರು ಗಾಡಿ ಹತ್ತಿದರು.

ಪೆಟ್ಟಿಗೆ ತಲುಪಿದ ಮೇಲೆ ಟೀಚರ್ ವಿಡಿಯೋ ಕರೆ ಮಾಡಿಸಿದರು. ಊರಿನ ಸಭಾಂಗಣದ ಮೇಜಿನ ಮೇಲೆ ನಾಲ್ಕೂ ಪ್ಲೇಟುಗಳನ್ನು ಜೋಡಿಸಿದ್ದರು. ಸುತ್ತ ಸಂಘದ ಹತ್ತಾರು ಮಂದಿ. ಟೀಚರ್ ಬಿಳಿಗೂದಲಿನ, ಎತ್ತರದ ಹೆಂಗಸು. ಅಂಗಿಯ ತೋಳು ಮಡಚಿಕೊಂಡು ಮೇಜಿನ ಮೇಲೆ ಬಾಗಿದರು. ಫೋನು ಹಿಡಿದವರು ಅವರ ಕೈಗಳ ಹತ್ತಿರ ತಂದರು. ಈ ಕಡೆ ನಾನು, ಮಾವ, ಅಣ್ಣ. 'ಸರಕು ನನ್ನ ಹೆಸರಲ್ಲಿ ಹೋಗಿದೆ, ಅವರು ಏನು ಹೇಳುತ್ತಾರೋ ನಾನೂ ಕೇಳಬೇಕು' ಎಂದು ಅಣ್ಣ ತಾವಾಗಿಯೇ ಬಂದು ಕೂತಿದ್ದರು.

ಟೀಚರ್ ತಮ್ಮ ಊರಿನಿಂದ ಶುರುಮಾಡಿದರು. ಕಾಡಿನ ಒರಟಿನಲ್ಲಿ ಮೇಲೆ ಹತ್ತಿದರು. ಹುಲ್ಲು ಸಿಕ್ಕ ಕಡೆ ಬೆರಳುಗಳು ಒಂದು ಗಳಿಗೆ ನಿಂತವು, ಮುಖದ ಮೇಲೆ ಏನೋ ಬಂದು ಹೋಯಿತು. ತಮ್ಮ ಭಾಷೆಯಲ್ಲಿ ಪಕ್ಕದವರಿಗೆ ಒಂದೊಂದೇ ಗುಡ್ಡದ ಹೆಸರು ಹೇಳುತ್ತಾ ಹೋದರು. ಯಾರೂ ಅವರಿಗೆ ಹೆಸರು ನೆನಪಿಸಬೇಕಾಗಲಿಲ್ಲ. ಬಿಳಿಕಲ್ಲಿನ ಪಟ್ಟಿಯನ್ನು ಉಗುರಿನಿಂದ ಕೆರೆದು ನಕ್ಕರು. ಆಚೆ ಇಳಿದು ಮತ್ತೆ ಹತ್ತಿದರು. ಅಲ್ಲಿ ಕೈ ನಿಂತಿತು. ಹಿಂದೆ ಹೋದರು, ಮತ್ತೆ ಬಂದರು. ಮತ್ತೆ ಹಿಂದೆ. ಮಾವ ನನ್ನ ಮೊಣಕೈ ಹಿಡಿದರು.

ಟೀಚರ್ ತಲೆಯೆತ್ತಿ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. “ಇಲ್ಲಿ ಎರಡು ಗುಡ್ಡ ಇರಬೇಕು. ನೀವು ಒಂದು ಮಾಡಿದ್ದೀರಿ. ನಡುವೆ ಒಂದು ತಗ್ಗಿದೆ. ಗಾಳಿ ಜೋರಾದಾಗ ಮಕ್ಕಳನ್ನು ನಾನು ಅಲ್ಲೇ ಕೂರಿಸುತ್ತಿದ್ದೆ.”

ಕರೆ ಮುಗಿಯುವ ಮೊದಲೇ ನಾನು ಮೂಲ ಫೈಲು ತೆರೆದೆ. ತಗ್ಗು ಇತ್ತು. ಹುಲ್ಲಿನ ಬೆನ್ನುಗಳು ನಯವಾಗಿ ಬರಲಿ ಎಂದು ಕಂಪ್ಯೂಟರಿನಲ್ಲಿ ಫೈಲಿನ ಸಣ್ಣ ಒರಟುಗಳನ್ನು ನಾನು ಸವರಿದಾಗ ಅದು ಮುಚ್ಚಿಹೋಗಿತ್ತು. ಇದ್ದದ್ದು ನಿಜ, ಬಿಟ್ಟದ್ದು ನಾನು ಎಂದು ಅವರಿಗೆ ಹೇಳಿದೆ. ಆ ಒಂದು ಪ್ಲೇಟನ್ನು ಹೊಸದಾಗಿ ಹೊಯ್ದು ಕಳಿಸುತ್ತೇನೆ ಎಂದೆ. ಅವರು, ಹಾಗಾದರೆ ಉಳಿದ ಮೂರನ್ನು ಈಗಲೇ ದಾರಿ ಶುರುವಾಗುವ ಕಡೆ ಕೂರಿಸಲು ಹೇಳುತ್ತೇನೆ, ನಾಲ್ಕನೆಯದಕ್ಕೆ ಜಾಗ ಬಿಟ್ಟಿರುತ್ತೇವೆ ಎಂದರು.

ಪರದೆ ಆರಿದ ಮೇಲೆ ಅಣ್ಣ ನನ್ನ ಕಡೆ ತಿರುಗಿದರು.

“ಬೆರಳಿನ ಉಗುರಿನ ದಪ್ಪ ಇಲ್ಲೆ ಆ ತಗ್ಗು,” ಎಂದರು. “ಅದಕ್ಕೆ ಮತ್ತೆ ಎರಕ, ಮತ್ತೆ ಪೆಟ್ಟಿಗೆ. ಯಾರಿಗೆ ಗೊತ್ತಾಗ್ತದೆ ಅಮ್ಮಣಿ?”

“ಅವರಿಗೆ ಗೊತ್ತಾಯ್ತಲ್ಲ ಅಣ್ಣ.”

ಮೂರು ಪಟ್ಟಿನ ಪ್ಲೇಟನ್ನು ಟೀಚರ್ ಕೈಗೆ ಕೊಟ್ಟಿದ್ದರೆ ಇಂಥ ಒಂದು ತಪ್ಪನ್ನು ಅವರು ಹುಡುಕುತ್ತಿರಲಿಲ್ಲ. ಅದು ತಮ್ಮ ಬೆಟ್ಟವೇ ಅಲ್ಲವೆಂದು ಕೈ ಹಿಂತೆಗೆಯುತ್ತಿದ್ದರು. ಇದರ ಮೇಲೆ ಅವರು ನಡೆದರು, ನಡೆದದ್ದರಿಂದಲೇ ನಾನು ಮುಚ್ಚಿದ ತಗ್ಗಿನಲ್ಲಿ ಎಡವಿದರು. ನನ್ನ ಕೆಲಸದ ಬಗ್ಗೆ ಬಂದ ದೂರುಗಳಲ್ಲಿ ಇಷ್ಟು ಸಂತೋಷ ಕೊಟ್ಟದ್ದು ಬೇರೊಂದಿಲ್ಲ.

ಅಣ್ಣ ಹೊಸ ಪೆಟ್ಟಿಗೆಗೆ ಹೇಳುತ್ತೇನೆ ಎಂದು ಎದ್ದರು. ಮಾವ ಮರಳು ನೋಡಲು ಫೌಂಡ್ರಿಗೆ ಹೋದರು. ನಾನು ಹೊಸ ಹಲಗೆಯನ್ನು ಯಂತ್ರಕ್ಕೆ ಬಿಗಿದು, ಆ ಎರಡು ಗುಡ್ಡಗಳ ನಡುವಿನಿಂದಲೇ ಕೊರೆಯಲು ಶುರುಮಾಡಿದೆ.